ಶಾಲೆಯಲ್ಲಿ ‘ಏನೂ ತೊಂದರೆ ಇಲ್ಲ’, ಮನೆಯಲ್ಲಿ ರಂಪ: ಆಟಿಸಂ ಕಷ್ಟಗಳನ್ನು ಮುಚ್ಚಿಟ್ಟುಕೊಳ್ಳುವ ಪುಟ್ಟ ಮಗುವಿಗೆ ಶಾಲೆಯ ನೆರವು

ಪೇರೆಂಟ್ಸ್ ಮೀಟಿಂಗ್‌ನಲ್ಲಿ ಮಿಸ್ ಹೇಳುತ್ತಾರೆ: “ಏನೂ ತೊಂದರೆ ಇಲ್ಲ ಮೇಡಂ, ತುಂಬಾ ಸೈಲೆಂಟ್ ಹುಡುಗಿ, ಹೇಳಿದ್ದೆಲ್ಲ ಮಾಡ್ತಾಳೆ.” ಅದೇ ಹುಡುಗಿ ಸಂಜೆ ವ್ಯಾನ್ ಇಳಿದ ಹತ್ತು ನಿಮಿಷದೊಳಗೆ ಶೂ ಎಸೆದು, ತಮ್ಮನಿಗೆ ಹೊಡೆದು, ಮಂಚದ ಕೆಳಗೆ ಸೇರಿಕೊಂಡಿರುತ್ತಾಳೆ. ಮಿಸ್ ಹೇಳುವುದೂ ನಿಜ, ಅಮ್ಮ ಹೇಳುವುದೂ ನಿಜ. ಆಟಿಸಂ (ಜನರೊಡನೆ ಬೆರೆಯುವ, ಸದ್ದು ಸ್ಪರ್ಶಗಳನ್ನು ಅನುಭವಿಸುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇರುವ ಕೆಲವು ಮಕ್ಕಳು ಶಾಲೆಯಲ್ಲಿ ತಮ್ಮ ಕಷ್ಟವನ್ನೆಲ್ಲ ಅದುಮಿಟ್ಟುಕೊಂಡು, ಅಕ್ಕಪಕ್ಕದವರನ್ನು ನೋಡಿ ಅವರಂತೆಯೇ ನಡೆದುಕೊಳ್ಳುತ್ತಾರೆ. ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಐದಾರು ವರ್ಷದ ಮಗು ಬೇಕೆಂದೇ ನಾಟಕ ಮಾಡುತ್ತಿರುವುದಿಲ್ಲ. ಎದ್ದು ಓಡಾಡಿದರೆ ಬೈಯುತ್ತಾರೆ, ಅತ್ತರೆ ನಗುತ್ತಾರೆ ಎಂದು ಕಲಿತುಕೊಂಡಿರುತ್ತದೆ, ಅಷ್ಟೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣುವುದರಿಂದ ಅವರ ಆಟಿಸಂ ಗೊತ್ತಾಗುವುದೂ ತಡ. ಹಾಗೆಂದು ಗಂಡುಮಕ್ಕಳಲ್ಲಿ ಇಲ್ಲವೆಂದಲ್ಲ.

ಯುಕೆಜಿಯಿಂದ ಮೂರನೇ ತರಗತಿವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು, ತಂದೆತಾಯಿಗೂ ಟೀಚರುಗಳಿಗೂ ಒಟ್ಟಿಗೇ ಬರೆದ ಮಾರ್ಗದರ್ಶಿ ಇದು. ಮೊದಲೇ ತಿಳಿದಿರಬೇಕಾದ ಸಂಗತಿ: ಹೀಗೆ ಮುಚ್ಚಿಡುವ ಮಗು ನೆರವು ಕೇಳುವುದಿಲ್ಲ. “ಕಷ್ಟ ಆದ್ರೆ ಹೇಳು ಪುಟ್ಟ, ಹೊರಗೆ ಕಳಿಸ್ತೀನಿ” ಎನ್ನುವ ಏರ್ಪಾಟು ಕೈ ಎತ್ತುವ ಮಗುವಿಗೆ ಸರಿ. ಈ ಮಗು ಕೈ ಎತ್ತುವುದೇ ಇಲ್ಲ. ಆದ್ದರಿಂದ ನೆರವು ಟೈಮ್ ಟೇಬಲಿನಲ್ಲೇ ಕೂತಿರಬೇಕು. ಮಗು ಕೇಳಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಸಿಗಬೇಕು. ಮುಂದಿನ ಹಂತಗಳೆಲ್ಲ ಇದನ್ನು ಸಾಧಿಸುವುದಕ್ಕೆ.

ಹಂತ 1: ಎರಡು ವಾರ ಬರೆದಿಡಿ

“ಮನೆಯಲ್ಲಿ ತುಂಬಾ ಹಟ ಮಾಡ್ತಾಳೆ” ಎಂದು ಹೋಗಿ ಹೇಳಿದರೆ ಶಾಲೆಯವರಿಗೆ ಕೇಳಿಸುವುದು ‘ಮುದ್ದು ಜಾಸ್ತಿಯಾಗಿದೆ’ ಎಂದು. ದಿನಾಂಕ, ಗಂಟೆ, ನಿಮಿಷ ಇರುವ ಹಾಳೆಯನ್ನು ಹಾಗೆ ತಳ್ಳಿಹಾಕುವುದು ಸುಲಭವಲ್ಲ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ದಿನಕ್ಕೆ ಐದಾರು ಸಾಲು, ಹೀಗೆ:

“ಮಂಗಳವಾರ. ವ್ಯಾನ್ 3:40. ಟಿಫಿನ್: ಚಪಾತಿ ಪಲ್ಯ ಹಾಗೇ ಇದೆ, ದ್ರಾಕ್ಷಿ ಮಾತ್ರ ಖಾಲಿ. ನೀರು: 500 ಮಿ.ಲೀ. ಬಾಟಲಿಯಲ್ಲಿ ಮುಕ್ಕಾಲು ಉಳಿದಿದೆ. ಬಂದವಳೇ ಟಾಯ್ಲೆಟ್‌ಗೆ ಓಡಿದಳು. 3:55ಕ್ಕೆ ಬಿಸ್ಕತ್ತು ಮುರಿದಿದ್ದಕ್ಕೆ ಅಳು, 35 ನಿಮಿಷ. ಬಲ ತೋಳಿನ ಅಂಚು ಅಗಿದು ಒದ್ದೆ. ಶಾಲೆಯಲ್ಲಿ ಇವತ್ತು ಆನ್ಯುಯಲ್ ಡೇ ಡ್ಯಾನ್ಸ್ ಪ್ರಾಕ್ಟೀಸ್ ಶುರು. ರಾತ್ರಿ ನಿದ್ದೆ ಬಂದಿದ್ದು 10:50ಕ್ಕೆ.”

ಇದರಲ್ಲಿ ಅಳುವಿಗಿಂತ ಟಿಫಿನ್ ಡಬ್ಬಿ ಮತ್ತು ನೀರಿನ ಬಾಟಲಿಯ ಸಾಕ್ಷ್ಯವೇ ಹೆಚ್ಚು ತೂಕದ್ದು, ಏಕೆಂದರೆ ಅವು ಶಾಲೆಯೊಳಗೇ ನಡೆದದ್ದನ್ನು ಹೇಳುತ್ತವೆ. ಊಟದ ಹೊತ್ತಿನ ಗದ್ದಲ, ಸಾಂಬಾರಿನ ವಾಸನೆ, ಮೈಗೆ ಮೈ ತಾಗುವ ಸಾಲು, ಇವನ್ನು ತಡೆದುಕೊಳ್ಳುವುದರಲ್ಲೇ ಇರುವ ಮಗುವಿಗೆ ತಿನ್ನುವುದು ಆಗುವುದಿಲ್ಲ. ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ ಎಂದು ನೀರನ್ನೂ ಕುಡಿಯುವುದಿಲ್ಲ. ದಿನವಿಡೀ ಮೂತ್ರ ಕಟ್ಟಿಕೊಂಡರೆ ಸೋಂಕು ಆಗಬಹುದು, ಮಲಬದ್ಧತೆ ಅಂಟಿಕೊಳ್ಳಬಹುದು. ಮಲಬದ್ಧತೆಯಿಂದ ಬರುವ ಹೊಟ್ಟೆನೋವು ಬೆಳಗ್ಗೆ ‘ಸ್ಕೂಲ್ ಬೇಡ’ ಎಂಬ ಹೊಟ್ಟೆನೋವಿನ ಜೊತೆ ಬೆರೆತು ಯಾವುದು ಯಾವುದೆಂದು ಗೊತ್ತಾಗದಂತಾಗುತ್ತದೆ.

ಭಾನುವಾರ ಮತ್ತು ರಜಾದಿನಗಳನ್ನೂ ಬಿಡದೆ ಬರೆಯಿರಿ. ಶನಿವಾರ ಮಧ್ಯಾಹ್ನ ಹಗುರಾಗಿ, ಭಾನುವಾರ ಸಂಜೆ ಐದರ ನಂತರ ಮತ್ತೆ ಬಿಗಿಯಾಗುವ ಮಗುವಿನ ಹಾಳೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಡಾಕ್ಟರಿಗೆ ತೋರಿಸಲು ಒಂದೊಂದು ನಿಮಿಷದ ಎರಡು ಮೂರು ವಿಡಿಯೊ ಸಾಕು. ಅವು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಯಾವ ಕಾರಣಕ್ಕೂ ಹೋಗಬಾರದು.

ಹಂತ 2: ಟೀಚರನ್ನು ಕೇಳುವ ಪ್ರಶ್ನೆ ಬದಲಿಸಿ

“ಹೇಗಿದ್ದಾಳೆ ಮಿಸ್?” ಎಂದರೆ “ಚೆನ್ನಾಗಿದ್ದಾಳೆ” ಎಂಬ ಉತ್ತರವೇ ಬರುತ್ತದೆ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಗಲಾಟೆ ಮಾಡದ ಮಗು ಕಣ್ಣಿಗೆ ಬೀಳುವುದಿಲ್ಲ. ಅದು ಟೀಚರ ತಪ್ಪೂ ಅಲ್ಲ. ಕಣ್ಣಿಟ್ಟು ನೋಡಬಹುದಾದ ಸಂಗತಿಯನ್ನೇ ಕೇಳಿ, ಒಂದು ವಾರ ಸಮಯ ಕೊಡಿ:

— ಎಲ್ಲರಿಗೂ ಒಟ್ಟಿಗೆ ಒಂದು ಸೂಚನೆ ಕೊಟ್ಟಾಗ ತಾನಾಗಿ ಶುರು ಮಾಡುತ್ತಾಳೋ, ಪಕ್ಕದವಳ ಪುಸ್ತಕ ನೋಡಿಕೊಂಡು ಆಮೇಲೆ ಶುರು ಮಾಡುತ್ತಾಳೋ?
— ಬೆಳಗ್ಗೆಯಿಂದ ಬಿಡುವ ಹೊತ್ತಿನೊಳಗೆ ಟಾಯ್ಲೆಟ್‌ಗೆ ಎಷ್ಟು ಸಲ ಹೋಗುತ್ತಾಳೆ?
— ಬ್ರೇಕಿನಲ್ಲಿ ಆಟದ ಒಳಗಿರುತ್ತಾಳೋ, ಅಂಚಿನಲ್ಲಿ ನಿಂತು ನಗುತ್ತಿರುತ್ತಾಳೋ? ಪ್ರತಿದಿನ ಒಬ್ಬಳೇ ಗೆಳತಿಯ ಹಿಂದೆಯೋ?
— ಪೆನ್ಸಿಲ್ ಕಳೆದರೆ, ಪುಟ ತಪ್ಪಿದರೆ ಬಂದು ಹೇಳುತ್ತಾಳೋ, ಸುಮ್ಮನೆ ಕೂತುಬಿಡುತ್ತಾಳೋ?
— ಮೊದಲ ಪಿರಿಯಡ್‌ನ ಬರವಣಿಗೆಗೂ ಕೊನೆಯ ಪಿರಿಯಡ್‌ನದಕ್ಕೂ ವ್ಯತ್ಯಾಸ ಇದೆಯೋ?
— ಗೆಳತಿ ರಜೆ ಹಾಕಿದ ದಿನ ಏನಾಗುತ್ತದೆ?

ಕೊನೆಯದಕ್ಕೆ ಬರುವ ಉತ್ತರ ಎಷ್ಟೋ ಸಲ ಎಲ್ಲವನ್ನೂ ಬಯಲು ಮಾಡುತ್ತದೆ. ನೋಡಿ ಅನುಕರಿಸಲು ಇದ್ದ ಒಬ್ಬರೇ ಒಬ್ಬರು ಇಲ್ಲದಾಗ ಮಗು ಇಡೀ ದಿನ ಸೀಟು ಬಿಟ್ಟು ಏಳದೇ ಇರಬಹುದು.

ಹಂತ 3: ತಪಾಸಣೆ ಮತ್ತು ಕಾಗದಪತ್ರ

ಆಟಿಸಂ ಇನ್ನೂ ದೃಢಪಟ್ಟಿಲ್ಲದಿದ್ದರೆ ಡೆವಲಪ್‌ಮೆಂಟಲ್ ಪೀಡಿಯಾಟ್ರಿಶಿಯನ್ (ಮಕ್ಕಳ ಬೆಳವಣಿಗೆಯ ತಜ್ಞ ವೈದ್ಯರು), ಮಕ್ಕಳ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳು (ಡಿಇಐಸಿ) ಸರ್ಕಾರಿ ದಾರಿಗಳು.

ಇಲ್ಲಿ ಒಂದು ಎಡವಟ್ಟು ಆಗುವುದುಂಟು. ಹೊಸ ಜಾಗದಲ್ಲಿ, ಒಬ್ಬರೇ ದೊಡ್ಡವರ ಎದುರು, ಅರ್ಧ ಗಂಟೆ ಮಟ್ಟಿಗೆ ಈ ಮಗು ಅಚ್ಚುಕಟ್ಟಾಗಿ ಕೂತು ಉತ್ತರ ಹೇಳಿಬಿಡುತ್ತದೆ. ಆದ್ದರಿಂದ ಅಪಾಯಿಂಟ್‌ಮೆಂಟ್‌ನ ಶುರುವಿನಲ್ಲೇ “ಶಾಲೆಯಲ್ಲಿ ಮುಚ್ಚಿಟ್ಟುಕೊಳ್ಳುತ್ತಾಳೆ, ಇಲ್ಲೂ ಹಾಗೇ ಮಾಡಬಹುದು” ಎಂದು ಹೇಳಿ ನೋಟ್‌ಬುಕ್ ಕೊಡಿ. ವಿಕಲಚೇತನ ಪ್ರಮಾಣಪತ್ರಕ್ಕೆ ಬಳಸುವ ಐಸಾ (ಭಾರತೀಯ ಆಟಿಸಂ ಮಾಪನ) 40 ಅಂಶಗಳದ್ದು. ಒಂದೊಂದಕ್ಕೂ 1ರಿಂದ 5 ಅಂಕ, ಒಟ್ಟು 70 ಅಥವಾ ಮೇಲಿದ್ದರೆ ಆಟಿಸಂ ಎಂದು ಲೆಕ್ಕ. ಮಗುವನ್ನು ನೋಡುವುದರ ಜೊತೆಗೆ ಪೋಷಕರನ್ನು ಕೇಳಿಯೂ ಅಂಕ ಹಾಕುತ್ತಾರೆ. “ಇದು ಮಾಡ್ತಾಳಾ?” ಎಂದಾಗ ‘ಇಲ್ಲ’ ಎನ್ನುವ ಮೊದಲು ಶಾಲೆಯಿಂದ ಬಂದ ನಂತರದ ಆ ಒಂದು ಗಂಟೆಯನ್ನು ನೆನೆಸಿಕೊಳ್ಳಿ. ಹೆಚ್ಚಿಸಿಯೂ ಹೇಳಬೇಡಿ, ಮರ್ಯಾದೆಗೆ ಅಂಜಿ ತಗ್ಗಿಸಿಯೂ ಹೇಳಬೇಡಿ.

ಯುಡಿಐಡಿ ಕಾರ್ಡ್‌ಗೆ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಸರ್ಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ. ವೈಕಲ್ಯದ ಪ್ರಮಾಣ ಶೇ. 40 ಅಥವಾ ಹೆಚ್ಚು ಎಂದು ಬಂದರೆ ಹಲವು ಸೌಲಭ್ಯಗಳು ತೆರೆಯುತ್ತವೆ. ಆದರೆ ಕಾರ್ಡ್ ಕೈಗೆ ಬರುವವರೆಗೆ ಶಾಲೆಯ ಮಾತುಕತೆಯನ್ನು ತಡೆದಿಡಬೇಕಿಲ್ಲ. ಕೆಳಗೆ ಹೇಳುವ ಬಹುಪಾಲು ಏರ್ಪಾಟಿಗೆ ಖರ್ಚೂ ಇಲ್ಲ, ಸರ್ಟಿಫಿಕೇಟೂ ಬೇಡ.

ಹಂತ 4: ಒಂದೇ ಪುಟದ ಪರಿಚಯಪತ್ರ

ಇಪ್ಪತ್ತು ಪುಟದ ರಿಪೋರ್ಟನ್ನು ಕ್ಲಾಸ್ ಟೀಚರ್ ಓದುವುದಿಲ್ಲ, ಬದಲಿ ಬಂದ ಟೀಚರಂತೂ ಕಣ್ಣೆತ್ತಿಯೂ ನೋಡುವುದಿಲ್ಲ. ಒಂದು ಎ4 ಹಾಳೆ, ಒಂದೇ ಬದಿ. ಅದರಲ್ಲಿ ಇರಬೇಕಾದ್ದು: ಮಗುವಿಗೆ ಇಷ್ಟವಾದದ್ದು ಎರಡು ಸಾಲು, ಹೊರಗೆ ಕಾಣುವುದು ಮತ್ತು ಒಳಗೆ ನಡೆಯುವುದು ಅಕ್ಕಪಕ್ಕ, ದಿನದಲ್ಲಿ ಅತಿ ಕಷ್ಟದ ಮೂರು ಹೊತ್ತು, ಮಾಡಬೇಕಾದ ನಾಲ್ಕು ಕೆಲಸ, ಮಾಡಲೇಬಾರದ ಎರಡು.

ಎರಡನೆಯ ಭಾಗವೇ ಇದರ ಜೀವಾಳ. ಉದಾಹರಣೆಗೆ: “ನಗುತ್ತಿದ್ದಾಳೆ: ಅರ್ಥವಾಗಿಲ್ಲದಿರಬಹುದು. ಮುಖದಲ್ಲಿ ಭಾವನೆಯೇ ಇಲ್ಲ, ‘ಹ್ಞೂಂ ಮಿಸ್’ ಎನ್ನುತ್ತಿದ್ದಾಳೆ: ತಡೆದುಕೊಳ್ಳುವ ಶಕ್ತಿ ಮುಗಿಯುತ್ತ ಬಂದಿದೆ. ಕಾಲರ್ ಅಗಿಯುತ್ತಿದ್ದಾಳೆ, ಬೆರಳ ಸಿಪ್ಪೆ ಕೀಳುತ್ತಿದ್ದಾಳೆ: ಈಗಲೇ ಹೊರಗೆ ಕಳಿಸಿ.” ನಿಮ್ಮ ಮಗುವಿನ ಗುರುತುಗಳನ್ನೇ ಬರೆಯಿರಿ, ಎಲ್ಲಿಂದಲೋ ಇಳಿಸಿಕೊಂಡ ಪಟ್ಟಿ ಕೆಲಸಕ್ಕೆ ಬಾರದು.

ಹಂತ 5: ಮೀಟಿಂಗ್

ಗೇಟಿನ ಹತ್ತಿರ ನಿಂತು ಆಡುವ ಮಾತು ಮೀಟಿಂಗ್ ಅಲ್ಲ. ಮೇಲ್ ಅಥವಾ ಪತ್ರ ಬರೆದು ಅರ್ಧ ಗಂಟೆ ಕೇಳಿ. ಕ್ಲಾಸ್ ಟೀಚರ್ ಮತ್ತು ಹೆಡ್‌ಮಿಸ್ ಅಥವಾ ಕೋಆರ್ಡಿನೇಟರ್ ಇರಲೇಬೇಕು. ಸ್ಪೆಷಲ್ ಎಜುಕೇಟರ್ ಅಥವಾ ಕೌನ್ಸೆಲರ್ ಇದ್ದರೆ ಅವರೂ. ಸರ್ಕಾರಿ ಶಾಲೆಯಾದರೆ ಬ್ಲಾಕ್ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರನ್ನು (ಬಿಐಇಆರ್‌ಟಿ) ಕರೆಸಲು ಮುಖ್ಯ ಶಿಕ್ಷಕರನ್ನು ಕೇಳಿ.

ಹದಿನೈದು ಬೇಡಿಕೆ ಇಟ್ಟರೆ ಒಂದೂ ನಡೆಯುವುದಿಲ್ಲ. ನಾಲ್ಕು ಕೇಳಿ. ಪ್ರತಿಯೊಂದಕ್ಕೂ ಯಾರು, ಯಾವಾಗ, ಎಷ್ಟು ನಿಮಿಷ ಎಂದು ಗೊತ್ತಾಗಬೇಕು. ಅದೇ ರಾತ್ರಿ “ಇವತ್ತು ಮಾತಾಡಿಕೊಂಡಂತೆ” ಎಂದು ಶುರು ಮಾಡಿ ಅಷ್ಟನ್ನೂ ಬರೆದು ಕಳಿಸಿ, ಮತ್ತೆ ಕೂತು ನೋಡಲು ಮೂರು ವಾರದ ನಂತರದ ಒಂದು ದಿನಾಂಕವನ್ನೂ ಅದರಲ್ಲೇ ಹಾಕಿ.

“ನಮ್ಮಲ್ಲಿ ಚೆನ್ನಾಗೇ ಇದ್ದಾಳಲ್ಲ, ಮತ್ತೆ ಯಾಕೆ?” ಎಂದು ಕೇಳಿಯೇ ಕೇಳುತ್ತಾರೆ. ವಾದಕ್ಕೆ ಇಳಿಯದೆ ಹೀಗೆ ಹೇಳಬಹುದು: “ನೀವು ಹೇಳೋದು ಸರಿ ಮೇಡಂ, ನಿಮ್ಮ ಕ್ಲಾಸಿನಲ್ಲಿ ಚೆನ್ನಾಗಿ ಇರೋಕೆ ಅವಳು ಊಟ, ನೀರು, ಟಾಯ್ಲೆಟ್ ಮೂರೂ ಬಿಟ್ಟಿದ್ದಾಳೆ. ಈ ಹಾಳೆ ನೋಡಿ.”

ಹಂತ 6: ದಿನದೊಳಗೆ ನೆರವು ಕೂರಿಸುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಎರಡು ನಿಯಮ: ಕೇಳದೆಯೇ ಸಿಗಬೇಕು, ಉಳಿದ ಮಕ್ಕಳಿಗೆ ಎದ್ದು ಕಾಣಬಾರದು. ಎಲ್ಲರೆದುರು ಸದ್ದು ತಡೆಯುವ ದೊಡ್ಡ ಇಯರ್‌ಮಫ್ ಹಾಕಿದರೆ ಈ ಮಗು ಅದನ್ನು ಬ್ಯಾಗಿನಿಂದ ತೆಗೆಯುವುದೇ ಇಲ್ಲ.

ಬಿಡುವು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ತಲಾ ಐದರಿಂದ ಏಳು ನಿಮಿಷ. ಅತ್ಯುತ್ತಮ ಉಪಾಯ ಅಂದರೆ ‘ಕೆಲಸ’: 10:45ಕ್ಕೆ ಹಾಜರಿ ಪುಸ್ತಕ ಆಫೀಸಿಗೆ ಕೊಟ್ಟು ಬರುವುದು, 2 ಗಂಟೆಗೆ ಲೈಬ್ರರಿಗೆ ಪುಸ್ತಕ ಒಯ್ಯುವುದು. ಅಲ್ಲಿ ಒಬ್ಬ ಆಯಾ ಅಥವಾ ಲೈಬ್ರರಿ ಮಿಸ್‌ಗೆ ವಿಷಯ ಗೊತ್ತಿರಬೇಕು. ಮಗು ಅಲ್ಲಿ ಸುಮ್ಮನೆ ಕೂರಲಿ, ಗೋಡೆ ಒತ್ತಲಿ, ನೀರು ಕುಡಿಯಲಿ. ಮಾತಾಡಿಸಬೇಡಿ. ವಾಪಸ್ ಬಂದಾಗ “ಯಾಕಿಷ್ಟು ಹೊತ್ತು?” ಎಂದು ಕೇಳಿದರೆ ಮಾರನೇ ದಿನದಿಂದ ಒಂದೇ ನಿಮಿಷಕ್ಕೆ ಓಡಿ ಬರುತ್ತದೆ, ಬಿಡುವು ಅಲ್ಲಿಗೆ ಮುಗಿಯಿತು. ಯುಕೆಜಿ ಮಗುವಾದರೆ ಜೊತೆಗೆ ಆಯಾ ಹೋಗಲಿ.

ಟಾಯ್ಲೆಟ್. ಬ್ರೇಕಿನ ಬೆಲ್ಲಿಗೆ ಐದು ನಿಮಿಷ ಮುಂಚೆ, ಖಾಲಿ ಇರುವಾಗ. ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿ. “ಹೋಗ್ಬೇಕಾ?” ಎಂದು ಕೇಳಿದರೆ “ಬೇಡ ಮಿಸ್” ಎಂದೇ ಬರುತ್ತದೆ, “ಈಗ ಹೋಗಿ ಬಾ” ಎನ್ನಬೇಕು.

ಊಟ. ಹತ್ತು ನಿಮಿಷ ಮುಂಚೆ ಶುರು, ಇಲ್ಲವೇ ಸಾಲಿನ ತುದಿಯಲ್ಲಿ ಗೋಡೆ ಬದಿಯ ಜಾಗ, ಒಬ್ಬಳು ಗೆಳತಿ ಜೊತೆಗೆ. ದಿನವೂ ಒಂದೇ ತಿಂಡಿ ತಂದರೆ ಟೀಕೆ ಬೇಡ. ಶಾಲೆಯ ಬಿಸಿಯೂಟವಾದರೆ ತಿನ್ನುವ ಒಂದೆರಡು ಪದಾರ್ಥವಷ್ಟೇ ತಟ್ಟೆಗೆ ಬೀಳಲಿ, ಅನ್ನಕ್ಕೆ ಸಾಂಬಾರು ಸುರಿಯುವ ಮುಂಚೆ ಕೇಳಲಿ.

ಪ್ರಾರ್ಥನೆ ಸಭೆ. ಸ್ಪೀಕರಿಗೆ ದೂರದ ಸಾಲಿನ ತುದಿ. ಆಗಸ್ಟ್ 15ರ ಡ್ರಿಲ್, ಡಿಸೆಂಬರಿನ ಆನ್ಯುಯಲ್ ಡೇ ಪ್ರಾಕ್ಟೀಸ್ ಶುರುವಾದರೆ ಎರಡು ದಿನ ಮೊದಲೇ ಮನೆಗೆ ತಿಳಿಸಿ. ಈ ಮಕ್ಕಳು ಕುಸಿಯುವುದು ಓದಿನ ದಿನಗಳಿಗಿಂತ ಸಂಭ್ರಮದ ದಿನಗಳಲ್ಲೇ ಹೆಚ್ಚು.

ಕೂರುವ ಜಾಗ. ಬಾಗಿಲು ಕಾಣುವಂತೆ, ಬೆನ್ನ ಹಿಂದೆ ಓಡಾಟವಿಲ್ಲದಂತೆ, ಕಿರುಗುಟ್ಟುವ ಫ್ಯಾನಿನಿಂದ ದೂರ. ವಾರಕ್ಕೊಮ್ಮೆ ಸೀಟು ಬದಲಿಸುವ ಪದ್ಧತಿ ಇದ್ದರೆ ಈ ಮಗುವಿನ ಜಾಗ ಬದಲಿಸಬೇಡಿ. ತುಂಟ ಹುಡುಗರ ನಡುವೆ ‘ಸೈಲೆಂಟ್ ಹುಡುಗಿ’ಯನ್ನು ಕೂರಿಸುವ ಹಳೆಯ ಅಭ್ಯಾಸವನ್ನಂತೂ ಕೂಡಲೇ ಬಿಡಬೇಕು.

ಸೂಚನೆ ಮತ್ತು ಬರಹ. ಎಲ್ಲರಿಗೂ ಹೇಳಿದ ಮೇಲೆ ಮೇಜಿನ ಬಳಿ ಬಂದು ಮೊದಲ ಒಂದು ಹೆಜ್ಜೆಯನ್ನಷ್ಟೇ ಹೇಳಿ: “ಪುಟ 34 ತೆಗಿ.” “ಅರ್ಥ ಆಯ್ತಾ?” ಎಂಬುದು ಈ ಮಗುವಿಗೆ ಪ್ರಶ್ನೆಯೇ ಅಲ್ಲ, ‘ಹೌದು ಮಿಸ್’ ಎನ್ನಬೇಕೆಂಬ ಸೂಚನೆ. “ಈಗ ಮೊದಲು ಏನು ಬರೀತೀಯ, ತೋರಿಸು” ಎನ್ನಿ. ಬೋರ್ಡಿನಿಂದ ಇಳಿಸಿಕೊಳ್ಳುವುದು ಅರ್ಧಕ್ಕೆ ಸಾಕು, ಉಳಿದದ್ದಕ್ಕೆ ಜೆರಾಕ್ಸ್ ಅಂಟಿಸಿ.

ಗುಟ್ಟಿನ ಗುರುತು. ಪೆನ್ಸಿಲ್ ಬಾಕ್ಸಿನೊಳಗೆ ಹಸಿರು, ಕೆಂಪು ಬಣ್ಣದ ಎರಡು ರಬ್ಬರ್. ಹಸಿರು ಮೇಲಿದ್ದರೆ ಪರವಾಗಿಲ್ಲ, ಕೆಂಪು ಮೇಲಿದ್ದರೆ ಕಷ್ಟವಾಗುತ್ತಿದೆ ಎಂದರ್ಥ. ಯಾವುದು ಮೇಲಿದೆ ಎಂದು ಟೀಚರ್ ಸುಮ್ಮನೆ ನೋಡಿಕೊಂಡು ಹೋಗಬೇಕು. ಇದನ್ನು ಮಗುವಿಗೆ ಮನೆಯಲ್ಲಿ ಆಟದಂತೆ ಕಲಿಸಲು ಎರಡು ಮೂರು ವಾರ ಹಿಡಿಯುತ್ತದೆ. ಅಷ್ಟಾದರೂ ಕೆಂಪು ಬರುವುದು ಅಪರೂಪ, ಹಾಗಾಗಿ ಮೇಲಿನ ನಿಗದಿತ ಬಿಡುವುಗಳಿಗೆ ಇದು ಬದಲಿ ಅಲ್ಲ.

ಹೊಗಳಿಕೆಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. “ನೋಡಿ ಎಲ್ಲರೂ, ಎಷ್ಟು ಸೈಲೆಂಟಾಗಿ ಕೂತಿದ್ದಾಳೆ, ಗುಡ್ ಗರ್ಲ್!” ಎಂದಾಗ ಮಗುವಿಗೆ ಸಿಗುವ ಪಾಠ ‘ಇನ್ನೂ ಚೆನ್ನಾಗಿ ಮುಚ್ಚಿಡು’ ಎಂಬುದು. ಮಗು ತಾನಾಗಿ ಬಂದು “ಗೊತ್ತಾಗ್ಲಿಲ್ಲ” ಎಂದ ದಿನ, ಮೆತ್ತಗೆ, ಅದೊಂದಕ್ಕೇ ಕೇಳುವಂತೆ “ಹೇಳಿದ್ದು ಒಳ್ಳೇದಾಯ್ತು” ಎನ್ನಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಎಂಬ ಒತ್ತಾಯ ಬೇಡ. ಅದಕ್ಕಾಗಿಯೇ ಥೆರಪಿ ಕೊಡಿಸುತ್ತಿದ್ದರೆ, ಮುಚ್ಚಿಡುವುದನ್ನೇ ದುಡ್ಡು ಕೊಟ್ಟು ಕಲಿಸಿದಂತಾಯಿತು.

ಹಂತ 7: ಮನೆಯ ಮೊದಲ ಮುಕ್ಕಾಲು ಗಂಟೆ

ವ್ಯಾನ್ ಇಳಿದ ಕ್ಷಣದಿಂದ 45 ನಿಮಿಷ ಪ್ರಶ್ನೆ ಇಲ್ಲ, ಬೇಡಿಕೆ ಇಲ್ಲ. “ಇವತ್ತು ಏನಾಯ್ತು? ಯಾಕೆ ಊಟ ಮಾಡಿಲ್ಲ?” ಎಲ್ಲ ಆಮೇಲೆ. ಯೂನಿಫಾರ್ಮ್ ಬಿಚ್ಚಿ ಸಡಿಲ ಬಟ್ಟೆ, ಗೊತ್ತಿರುವ ತಿಂಡಿ, ನೀರು, ಮಂದ ಬೆಳಕು. ಉಯ್ಯಾಲೆಯೋ, ದಪ್ಪ ಹೊದಿಕೆಯೋ, ಒಂದೇ ಕಾರ್ಟೂನ್ ಹತ್ತನೇ ಸಲವೋ, ಯಾವುದಾದರೂ ಸರಿ. ಅಜ್ಜಿ ತಾತ ಇರುವ ಮನೆಯಲ್ಲಿ ಅವರಿಗೂ ಇದನ್ನು ಮೊದಲೇ ಹೇಳಿರಬೇಕು. ಬಂದವಳನ್ನು “ನೆಂಟರಿಗೆ ನಮಸ್ಕಾರ ಮಾಡು” ಎಂದು ನಿಲ್ಲಿಸುವುದು ಬೇಡ. ಹೋಂವರ್ಕ್ 15 ನಿಮಿಷಕ್ಕೆ ಮುಗಿಯದಿದ್ದರೆ ನಿಲ್ಲಿಸಿ ಡೈರಿಯಲ್ಲಿ ಸಹಿ ಹಾಕಿ. ಇದಕ್ಕೆ ಶಾಲೆಯ ಒಪ್ಪಿಗೆಯನ್ನು ಆ ಮೀಟಿಂಗ್‌ನಲ್ಲೇ ಪಡೆದಿರಿ. ಶಾಲೆ ಬಿಟ್ಟೊಡನೆ ಟ್ಯೂಷನ್, ಡ್ಯಾನ್ಸ್ ಕ್ಲಾಸ್ ಇದ್ದರೆ ಒಂದು ಟರ್ಮ್ ಮಟ್ಟಿಗಾದರೂ ಕೈಬಿಡಿ.

ಎಲ್ಲಿ ಕೆಡುತ್ತದೆ

ಮೊದಲನೆಯದು, ಶಾಲೆಯಲ್ಲಿ ‘ಹೆಚ್ಚಾಯಿತು’ ಎಂಬ ದೂರು. ಬಿಡುವು ಸಿಗತೊಡಗಿ ಮೂರು ನಾಲ್ಕು ವಾರಕ್ಕೆ ಮಗು ಮೊದಲ ಬಾರಿ ಕ್ಲಾಸಿನಲ್ಲಿ ಅಳಬಹುದು, “ಬೇಡ” ಎನ್ನಬಹುದು. ಟೀಚರಿಗೆ ಇದು ಹದಗೆಟ್ಟಂತೆ ಕಾಣುತ್ತದೆ. ಅದೇ ವಾರಗಳಲ್ಲಿ ಮನೆಯ ರಂಪ ಇಳಿಯುತ್ತಿದೆಯೇ ನೋಡಿ. ಇಳಿಯುತ್ತಿದ್ದರೆ ಕಷ್ಟ ಈಗ ಬರಬೇಕಾದ ಜಾಗದಲ್ಲೇ ಹೊರಬರುತ್ತಿದೆ. ಹೀಗಾಗಬಹುದೆಂದು ಮೀಟಿಂಗ್‌ನಲ್ಲಿ ಮುಂಚಿತವಾಗಿಯೇ ಹೇಳಿಡಿ. ಎರಡೂ ಕಡೆ ಏರುತ್ತಿದ್ದರೆ ಮಾತ್ರ ಏರ್ಪಾಟು ತಪ್ಪಿದೆ ಎಂದರ್ಥ.

ಎರಡನೆಯದು ಇದಕ್ಕೆ ತದ್ವಿರುದ್ಧ: “ಈಗ ಸರಿಹೋಗಿದ್ದಾಳಲ್ಲ” ಎಂದು ಬಿಡುವನ್ನು ತೆಗೆದುಬಿಡುವುದು. ಬಿಡುವಿನಿಂದಲೇ ಸರಿಯಿರುವುದು. ಕಡಿಮೆ ಮಾಡಲೇಬೇಕಿದ್ದರೆ ಒಂದು ಸಲಕ್ಕೆ ಒಂದನ್ನು, ದಸರಾ ರಜೆ ಮುಗಿದ ವಾರವನ್ನೋ ಪರೀಕ್ಷೆಯ ವಾರವನ್ನೋ ಬಿಟ್ಟು, ಎರಡು ವಾರ ನೋಟ್‌ಬುಕ್ ನೋಡಿಕೊಂಡು.

ಬಿಡುವನ್ನು ಬಹುಮಾನ ಮಾಡುವುದೂ ಉಂಟು: “ಬರೆದು ಮುಗಿಸಿದರೆ ಲೈಬ್ರರಿಗೆ ಕಳಿಸ್ತೀನಿ.” ಆಗ ಅತಿ ಬಳಲಿದ ದಿನವೇ ಬಿಡುವು ತಪ್ಪುತ್ತದೆ. ಇನ್ನು ಒಂದೇ ಮಗುವಿಗೆಂದು ನೇಮಿಸಿದ, ಪಕ್ಕಕ್ಕೇ ಅಂಟಿಕೊಂಡು ಕೂರುವ ಶ್ಯಾಡೋ ಟೀಚರ್. ಈ ಮಗುವಿನ ಪಾಲಿಗೆ ಎಷ್ಟೋ ಸಲ ಅದು ಇಡೀ ದಿನ ತನ್ನನ್ನೇ ನೋಡುವ ಇನ್ನೊಂದು ಜೋಡಿ ಕಣ್ಣು, ಅಷ್ಟೆ. ಬೇಕೇ ಬೇಕಾದರೆ ಇಡೀ ತರಗತಿಗೆ ಸಹಾಯಕಿಯಾಗಿ ಓಡಾಡಿಕೊಂಡಿರಲಿ.

ಫಲ ಅಳೆಯಲು ನಾಲ್ಕು ಗುರುತು ಸಾಕು: ಟಿಫಿನ್ ಎಷ್ಟು ಖಾಲಿ, ನೀರು ಎಷ್ಟು ಖಾಲಿ, ಸಂಜೆಯ ಅಳು ಎಷ್ಟು ನಿಮಿಷ, ಭಾನುವಾರ ರಾತ್ರಿ ನಿದ್ದೆ ಎಷ್ಟು ಹೊತ್ತಿಗೆ. ಮಾರ್ಕ್ಸ್ ಇದರಲ್ಲಿ ಬರುವುದಿಲ್ಲ. ಮುಚ್ಚಿಡುವ ಮಕ್ಕಳಲ್ಲಿ ಮಾರ್ಕ್ಸ್ ಬಹಳ ದಿನ ಚೆನ್ನಾಗಿಯೇ ಇರುತ್ತದೆ.

ಶಾಲೆ ಒಪ್ಪದಿದ್ದರೆ

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪಟ್ಟಿಯಲ್ಲಿ ಆಟಿಸಂ ಇದೆ. ಅದರ 16ನೇ ಕಲಂ ಸರ್ಕಾರದ ಅನುದಾನ ಪಡೆದ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳಿಗೂ ಅನ್ವಯ. ಖಾಸಗಿ ಎಂಬ ಕಾರಣಕ್ಕೆ ಬಿಡುಗಡೆ ಇಲ್ಲ. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ, ವೈಯಕ್ತಿಕ ನೆರವು, ಪ್ರಗತಿಯ ಮೇಲೆ ನಿಗಾ, ಮೂರನ್ನೂ ಅದು ಹೆಸರಿಸುತ್ತದೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹೇಳುವ 31ನೇ ಕಲಮಿಗೆ ಶೇ. 40 ಬೇಕು, 16ನೇ ಕಲಂ ಆ ಮಿತಿ ಹಾಕಿಲ್ಲ. ಶಾಲೆಯವರೂ ಪೋಷಕರೂ ಇವೆರಡನ್ನು ಬೆರೆಸಿ ಜಗಳವಾಡುವುದುಂಟು.

ಮೊದಲು ಮುಖ್ಯ ಶಿಕ್ಷಕರಿಗೆ ಪತ್ರ, ಸ್ವೀಕೃತಿ ಸಹಿತ. ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ. ಅದೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ. ಕಾಯ್ದೆಯ ಮಾತನ್ನು ಮೊದಲ ಮೀಟಿಂಗ್‌ನಲ್ಲೇ ಎತ್ತಬೇಡಿ. ಹಾಜರಿ ಪುಸ್ತಕ ಕೊಟ್ಟು ಕಳಿಸಬೇಕಾದವರು ಅದೇ ಟೀಚರ್.

ಕಾಯದೆ ಡಾಕ್ಟರ ಬಳಿ ಹೋಗಬೇಕಾದದ್ದು

ಶಾಲೆಗೆ ಹೋಗುವುದನ್ನೇ ನಿಲ್ಲಿಸಿದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾದರೆ, ಆಡುತ್ತಿದ್ದ ಮಾತು ಕಡಿಮೆಯಾದರೆ, ತೂಕ ಇಳಿದರೆ, ತಲೆ ಚಚ್ಚಿಕೊಳ್ಳುವುದು, ಕಚ್ಚಿಕೊಳ್ಳುವುದು ಶುರುವಾದರೆ, “ನಾನು ಇರಬಾರದು” ಎಂಬಂಥ ಮಾತು ಬಂದರೆ ಮುಂದಿನ ಮೀಟಿಂಗ್‌ನ ಮೂರು ವಾರದ ಲೆಕ್ಕ ಬೇಡ, ಕೂಡಲೇ ಹೋಗಿ. ಮೂತ್ರದ ಉರಿ, ಮಲಬದ್ಧತೆಗೆ ಮಕ್ಕಳ ವೈದ್ಯರು. ಉಳಿದದ್ದಕ್ಕೆ ಮಕ್ಕಳ ಮನೋವೈದ್ಯರು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಜೂನ್

ಹೊಸ ಶಾಲಾ ವರ್ಷ, ಹೊಸ ಟೀಚರ್, ಹೊಸ ಕೊಠಡಿ. ಕಳೆದ ವರ್ಷ ಕಟ್ಟಿದ್ದೆಲ್ಲ ಕಳಚಿಬೀಳುವುದು ಇಲ್ಲೇ, ಏಕೆಂದರೆ ಹಳೆಯ ಟೀಚರ್ “ಒಳ್ಳೇ ಹುಡುಗಿ, ತೊಂದರೆ ಕೊಡಲ್ಲ” ಎಂದು ಒಂದೇ ಮಾತಲ್ಲಿ ಒಪ್ಪಿಸಿಬಿಡುತ್ತಾರೆ. ಆದ್ದರಿಂದ ಏಪ್ರಿಲ್‌ನಲ್ಲಿ, ರಿಸಲ್ಟಿನ ದಿನವೇ, ಪರಿಚಯಪತ್ರವನ್ನು ತಿದ್ದಿ ಒಂದು ಪ್ರತಿಯನ್ನು ಹೆಡ್‌ಮಿಸ್‌ಗೆ ಕೊಡಿ. ಶಾಲೆ ಶುರುವಾಗುವ ಮುಂಚಿನ ವಾರ ಹದಿನೈದು ನಿಮಿಷ ಖಾಲಿ ಕ್ಲಾಸ್‌ರೂಮ್ ನೋಡಲು ಅನುಮತಿ ಕೇಳಿ: ಬೆಂಚು, ಬಾಗಿಲು, ಟಾಯ್ಲೆಟ್‌ಗೆ ಹೋಗುವ ದಾರಿ, ಹಾಜರಿ ಪುಸ್ತಕ ಒಯ್ಯಬೇಕಾದ ಆಫೀಸು. ಮೊದಲ ಸೋಮವಾರವೇ ಎರಡೂ ಬಿಡುವು ಚಾಲೂ ಆಗಬೇಕು. “ಮೊದಲು ಒಂದು ತಿಂಗಳು ನೋಡೋಣ” ಎಂದರೆ ಆ ತಿಂಗಳಲ್ಲಿ ಮಗು ಹೊಸ ಟೀಚರಿಗೂ ಏನೂ ಕಾಣದಂತೆ ಮುಚ್ಚಿಟ್ಟಿರುತ್ತದೆ.